ಎಂಟು ಕೈ ಎದ್ದರೆ ಸಾಕು: ಗ್ರಾಮ ಪಂಚಾಯಿತಿಯ ಅಕ್ಕ-ತಂಗಿಯರಿಗೆ ಬಹಿರಂಗ ಪತ್ರ

ಗ್ರಾಮ ಪಂಚಾಯಿತಿಗೆ ಆರಿಸಿ ಬಂದಿರುವ, ಇನ್ನು ಮುಂದೆ ಆರಿಸಿ ಬರಲಿರುವ ಎಲ್ಲ ಅಕ್ಕ-ತಂಗಿಯರೇ,

ಈ ಪತ್ರದಲ್ಲಿ ಅಭಿನಂದನೆಯ ಮಾತು ಇಲ್ಲ. ಗೆದ್ದ ದಿನ ಹಾರ ಹಾಕಿದವರು, ಪಟಾಕಿ ಹೊಡೆದವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಹೆಚ್ಚಿನವರು ಮಾರನೆಯ ದಿನದಿಂದ ಪಂಚಾಯಿತಿ ವಿಷಯವನ್ನೆಲ್ಲ ನಿಮ್ಮ ಯಜಮಾನರ ಹತ್ತಿರವೋ, ಮೈದುನನ ಹತ್ತಿರವೋ ಮಾತಾಡತೊಡಗಿದರು. ನಾನು ಬರೆಯುತ್ತಿರುವುದು ಅಧಿಕಾರದ ಬಗ್ಗೆ. ಪಂಚಾಯಿತಿ ಕಚೇರಿಯಲ್ಲಿ ಅದು ಎಲ್ಲೆಲ್ಲಿ ಇರುತ್ತದೆ, ನಿಮ್ಮ ಕೈಯಿಂದ ಹೇಗೆ ಜಾರುತ್ತದೆ, ಜಾರದಂತೆ ಹಿಡಿದುಕೊಳ್ಳಲು ಏನು ಮಾಡಬೇಕು ಎಂಬುದಷ್ಟೇ ನನ್ನ ವಿಷಯ. ಹೆಣ್ಣುಮಕ್ಕಳು ಸೇವೆಯ ಮಾತಾಡಿದರೆ ಊರು ತಲೆದೂಗುತ್ತದೆ, ಅಧಿಕಾರದ ಮಾತಾಡಿದರೆ ಮೂಗು ಮುರಿಯುತ್ತದೆ. ಮುರಿದುಕೊಳ್ಳಲಿ. ಅಧಿಕಾರವಿಲ್ಲದೆ ನಿಮ್ಮ ಕೇರಿಗೆ ಒಂದು ನಲ್ಲಿಯನ್ನೂ ಹಾಕಿಸಲಾಗದು.

ಮೊದಲು ಲೆಕ್ಕ ನೋಡೋಣ. ನಮ್ಮ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಆರು ಸಾವಿರ ಜನರಿರುವ ಪಂಚಾಯಿತಿಗೆ 15 ಸದಸ್ಯರು. 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಂದರೆ 15ರಲ್ಲಿ ಏಳೋ ಎಂಟೋ ಮಂದಿ ನೀವೇ. ಸಭೆಯಲ್ಲಿ ನಿರ್ಣಯ ಪಾಸಾಗಲು ಬಹುಮತ ಬೇಕು. ಎಲ್ಲರೂ ಹಾಜರಿದ್ದರೂ ಎಂಟು ಕೈ ಎದ್ದರೆ ಸಾಕು. ಎಂಟು ಮಂದಿ ಇರುವ ಕಡೆ ಯಾರ ಹಂಗೂ ಇಲ್ಲ, ಏಳು ಮಂದಿ ಇರುವ ಕಡೆ ಇನ್ನೊಬ್ಬರನ್ನು ಒಲಿಸಿಕೊಂಡರೆ ಆಯಿತು. ವಿಧಾನಸೌಧದಲ್ಲಾಗಲಿ ದೆಹಲಿಯಲ್ಲಾಗಲಿ ಹೆಣ್ಣುಮಕ್ಕಳಿಗೆ ಈ ಬಲ ಇವತ್ತಿಗೂ ಇಲ್ಲ. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಕೇವಲ 10.

ಈ ಬಲ ಸಭೆಯಲ್ಲಿ ಏಕೆ ಕಾಣುವುದಿಲ್ಲ? ನೀವು ಏಳೆಂಟು ಜನ ಇದ್ದರೂ ಏಳೆಂಟು ಮನೆಗಳಿಂದ ಬಿಡಿಬಿಡಿಯಾಗಿ ಬಂದು ಕೂರುತ್ತೀರಿ. ಒಬ್ಬರು ಗೌಡರ ಗುಂಪು, ಒಬ್ಬರು ಮಾಜಿ ಅಧ್ಯಕ್ಷರ ಗುಂಪು, ಇನ್ನೊಬ್ಬರು ಶಾಸಕರ ಕಡೆಯವರು. ಗಂಡಸರು ಹಾಗೆ ಬರುವುದಿಲ್ಲ. ಅವರ ನಿಜವಾದ ಸಭೆ ಹಿಂದಿನ ರಾತ್ರಿಯೇ ಮುಗಿದಿರುತ್ತದೆ, ಟೀ ಅಂಗಡಿ ಮುಂದೆಯೋ ಕಂಟ್ರಾಕ್ಟರ್ ಮನೆಯಲ್ಲೋ ಅರಳಿಕಟ್ಟೆಯಲ್ಲೋ. ಯಾವ ಕಾಮಗಾರಿ ಯಾವ ವಾರ್ಡಿಗೆ, ಬಿಲ್ಲು ಯಾರಿಗೆ ಎಂದು ಅಲ್ಲೇ ತೀರ್ಮಾನವಾಗಿರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಹಾಲ್‌ನಲ್ಲಿ ನಡೆಯುವುದು ಅದರ ಓದುವಿಕೆ ಮಾತ್ರ. ನೀವು ಸಭೆಗೆ ಬರುವ ಹೊತ್ತಿಗೆ ಸಭೆ ಮುಗಿದುಹೋಗಿದೆ.

ಆದ್ದರಿಂದ ನನ್ನ ಮೊದಲ ಸಲಹೆ, ಮತ್ತು ಈ ಪತ್ರದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನೇ ಇಡಿ: ಸಭೆಗೆ ಮುಂಚೆ ನಿಮ್ಮದೇ ಒಂದು ಸಭೆ ಮಾಡಿಕೊಳ್ಳಿ. ಅದಕ್ಕೆ ಕಾನೂನು ಬೇಕಿಲ್ಲ, ಅನುಮತಿ ಬೇಕಿಲ್ಲ. ಅಂಗನವಾಡಿಯಲ್ಲಿ ಕೂರಬಹುದು, ಸ್ವಸಹಾಯ ಸಂಘದ ವಾರದ ಸಭೆ ಮುಗಿದ ಮೇಲೆ ಅರ್ಧ ಗಂಟೆ ಉಳಿಯಬಹುದು, ಯಾರದಾದರೂ ಜಗಲಿ ಆದೀತು. ಸಾಮಾನ್ಯ ಸಭೆಯ ನೋಟಿಸು ಏಳು ದಿನ ಮೊದಲೇ ನಿಮ್ಮ ಕೈಗೆ ಸೇರಬೇಕು. ಬಂದಿಲ್ಲವಾದರೆ ಅದನ್ನೇ ಮೊದಲ ಆಕ್ಷೇಪವಾಗಿ ಬರೆಸಿ. ಬಂದ ಕಾರ್ಯಸೂಚಿಯಲ್ಲಿ ಹತ್ತು ವಿಷಯ ಇದ್ದರೆ ಹತ್ತರ ಮೇಲೂ ಜಗಳಕ್ಕೆ ಹೋಗಬೇಡಿ. ಒಂದನ್ನು ಆರಿಸಿ. ಅದರ ಸೂಚಕರು ಯಾರು, ಅನುಮೋದಕರು ಯಾರು, ಅಂಕಿಅಂಶ ಕೇಳುವವರು ಯಾರು, ಯಾರಾದರೂ ದನಿ ಎತ್ತರಿಸಿದಾಗ ಎದ್ದುನಿಂತು ಸುಮ್ಮನಿರಿಸುವವರು ಯಾರು ಎಂದು ಮೊದಲೇ ಹಂಚಿಕೊಳ್ಳಿ. ಒಬ್ಬಳು ಮಾತಾಡಿದರೆ 'ಅವಳಿಗೆ ಜೋರು' ಎಂದು ಮುಗಿಸಿಬಿಡುತ್ತಾರೆ. ಮೂವರು ಒಂದೇ ಮಾತನ್ನು ಒಬ್ಬರ ಹಿಂದೆ ಒಬ್ಬರು ಆಡಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಈ ಒಗ್ಗಟ್ಟು ಜಾತಿಯ ಹತ್ತಿರ ಬಂದು ಮುರಿಯುತ್ತದೆ. ಪರಿಶಿಷ್ಟ ಜಾತಿಯ ಸದಸ್ಯೆಯನ್ನು ಕೊನೆಯ ಕುರ್ಚಿಗೆ ಕಳಿಸುವ, ಅವಳಿಗೆ ಮಾತ್ರ ಪೇಪರ್ ಲೋಟದಲ್ಲಿ ಟೀ ಕೊಡುವ ಪಂಚಾಯಿತಿಗಳು ಇವತ್ತೂ ಇವೆ. ಆ ಹೊತ್ತಿನಲ್ಲಿ ಮೇಲ್ಜಾತಿಯ ಸದಸ್ಯೆಯರು ನೋಡಿಯೂ ನೋಡದಂತೆ ಕೂತರೆ, ಮುಂದಿನ ತಿಂಗಳು ಆಕೆ ನಿಮ್ಮ ಜೊತೆ ಕೈ ಎತ್ತಲಿ ಎಂದು ನಿರೀಕ್ಷಿಸುವ ಹಕ್ಕು ನಿಮಗಿರುವುದಿಲ್ಲ. ಅವಳ ಕೇರಿಗೆ ಹೋಗಿ, ಅವಳ ಮನೆಯಲ್ಲಿ ಕೂತು ನೀರು ಕುಡಿದು, ನಿಮ್ಮ ಮುಂಚಿನ ಸಭೆಯನ್ನು ಅಲ್ಲೇ ನಡೆಸಿ. ಇದು ನ್ಯಾಯದ ಮಾತು. ತಂತ್ರದ ಮಾತೂ ಹೌದು, ಏಕೆಂದರೆ ಎಂಟರಲ್ಲಿ ಮೂವರು ಹೊರಗುಳಿದರೆ ನಿಮ್ಮ ಲೆಕ್ಕವೇ ಇಲ್ಲ.

ಈ ಸ್ಥಾನಗಳು ತಾನಾಗಿ ಬಂದವಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಿಡಿದ ಹಟದಿಂದ ಬಂದ 1983ರ ಕಾಯ್ದೆಯಲ್ಲಿ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ದೊರಕಿತು, 1987ರಲ್ಲಿ ಚುನಾವಣೆಯೂ ಆಯಿತು. ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಮೂರನೇ ಒಂದು ಭಾಗ ಕೊಟ್ಟು ಜಾರಿಗೆ ಬಂದದ್ದು 1993ರ ಏಪ್ರಿಲ್‌ನಲ್ಲಿ, ನಮ್ಮ ನಂತರ. ಕೊಳವೆಬಾವಿಗಳನ್ನು ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ನಜೀರ್ ಸಾಬ್ ಹೆಸರಿನ ಸಂಸ್ಥೆಯೇ ಮೈಸೂರಿನಲ್ಲಿ ಇವತ್ತು ನಿಮಗೆ ತರಬೇತಿ ಕೊಡುತ್ತಿದೆ. ಆ ತರಬೇತಿಗೆ ಹೋಗಿ. ಊಟ ಚೆನ್ನಾಗಿಲ್ಲ, ದೂರ ಎಂದು ತಪ್ಪಿಸಬೇಡಿ. ಅಲ್ಲಿ ಪಕ್ಕದ ತಾಲ್ಲೂಕಿನ ಸದಸ್ಯೆಯ ಫೋನ್ ನಂಬರ್ ಸಿಗುತ್ತದೆ, ಅದು ಪಾಠದಷ್ಟೇ ಬೆಲೆಯುಳ್ಳದ್ದು.

ಇನ್ನು ನಡವಳಿ ಪುಸ್ತಕ. ಪಂಚಾಯಿತಿಯಲ್ಲಿ ಅದಕ್ಕಿಂತ ದೊಡ್ಡ ಆಯುಧ ಇಲ್ಲ. ಸಭೆಯಲ್ಲಿ ಏನು ಮಾತಾಡಿದಿರಿ ಎಂಬುದು ಸಂಜೆಗೆ ಗಾಳಿಗೆ ಹೋಗುತ್ತದೆ, ಪುಸ್ತಕದಲ್ಲಿ ಏನಿದೆ ಎಂಬುದು ಉಳಿಯುತ್ತದೆ. ಬಹಳ ಕಡೆ ನಡೆಯುವುದು ಹೀಗೆ: ಟೀ-ಬಿಸ್ಕತ್ತು ಆದಮೇಲೆ ಪುಸ್ತಕ ನಿಮ್ಮ ಮುಂದೆ ಬರುತ್ತದೆ, ಮೇಲೆ ದಿನಾಂಕ ಮಾತ್ರ ಇರುತ್ತದೆ, ಕೆಳಗೆಲ್ಲ ಖಾಲಿ. 'ಸೈನ್ ಮಾಡಿ ಅಕ್ಕಾ, ನಿಧಾನಕ್ಕೆ ಬರ್ಕೋತೀವಿ' ಎನ್ನುತ್ತಾರೆ. ಆ ಖಾಲಿ ಜಾಗದಲ್ಲಿ ಮುಂದೆ ಏನು ಬೇಕಾದರೂ ಹುಟ್ಟಬಹುದು. ಆಗದ ಚರಂಡಿ ಆಗುತ್ತದೆ, ಯಾರದೋ ನಿವೇಶನ ಯಾರದೋ ಹೆಸರಿಗೆ ಹೋಗುತ್ತದೆ, ಅದಕ್ಕೆಲ್ಲ ನೀವು ಒಪ್ಪಿದ್ದಿರಿ ಎಂದೂ ಆಗುತ್ತದೆ.

ತುಮಕೂರು ಜಿಲ್ಲೆಯ ಒಂದು ಪಂಚಾಯಿತಿಯಲ್ಲಿ ಒಬ್ಬ ಸದಸ್ಯೆಯನ್ನು ನೋಡಿದೆ. ಓದಿದ್ದು ಏಳನೇ ಕ್ಲಾಸು. ಪುಸ್ತಕ ಮುಂದಿಟ್ಟಾಗ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಹಾಲ್‌ನಲ್ಲಿ ಜನ ಎದ್ದು ಹೊರಟಿದ್ದರು, ಬಿಲ್ ಕಲೆಕ್ಟರ್ ಗಡಿಯಾರ ನೋಡುತ್ತಿದ್ದ. ಅವರು ಯಾರ ಕಡೆಯೂ ನೋಡಲಿಲ್ಲ. ಬರೆದದ್ದು ಎಲ್ಲಿ ಮುಗಿದಿತ್ತೋ ಆ ಸಾಲಿನ ಕೆಳಗೆ ಅಂಚಿನಿಂದ ಅಂಚಿಗೆ ಒಂದು ಗೆರೆ ಎಳೆದು, ಗೆರೆಗೆ ತಾಗಿಸಿ ಸಹಿ ಹಾಕಿ, ಪಕ್ಕದಲ್ಲಿ ತಾರೀಕು ಬರೆದರು. ಆಮೇಲೆ ಫೋನಿನಲ್ಲಿ ಆ ಪುಟದ ಫೋಟೊ ತೆಗೆದುಕೊಂಡರು. ಇಷ್ಟೇ. ಒಂದು ಕೂಗಾಟವಿಲ್ಲ, ವಾದವಿಲ್ಲ. ಆ ಗೆರೆ ಎಳೆದ ಮೇಲೆ ಅದರ ಮೇಲಾಗಲಿ ಕೆಳಗಾಗಲಿ ಯಾರೂ ಒಂದಕ್ಷರ ಸೇರಿಸುವಂತಿರಲಿಲ್ಲ. ನೀವು ಒಪ್ಪದ ವಿಷಯವಿದ್ದರೆ 'ನನ್ನ ವಿರೋಧವಿದೆ' ಎಂದು ನಿಮ್ಮ ಹೆಸರಿನ ಜೊತೆಗೆ ಬರೆಸಿ. ಬರೆಯಲು ಒಪ್ಪದಿದ್ದರೆ ಅದನ್ನೇ ಒಂದು ಅರ್ಜಿಯಲ್ಲಿ ಬರೆದು ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಕಚೇರಿಯಲ್ಲಿ ಉತ್ತರವಿಲ್ಲ, ಮುದ್ರೆ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು.

ಅಧ್ಯಕ್ಷೆಯಾದವರಿಗೆ ಇನ್ನೂ ಒಂದು ಮಾತು. ಪಂಚಾಯಿತಿಯ ಹಣ ಹೊರಗೆ ಹೋಗಬೇಕಾದರೆ ಪಿಡಿಒ ಜೊತೆ ನಿಮ್ಮ ಸಹಿಯೂ ಬೇಕು. ಮೊದಲು ಚೆಕ್‌ಬುಕ್ ಇತ್ತು, ಈಗ ಡಿಜಿಟಲ್ ಸಹಿಯ ಡೋಂಗಲ್. ಹೆಬ್ಬೆರಳಿನಷ್ಟು ಗಾತ್ರದ ಆ ಸಾಧನ ಈಗ ಎಲ್ಲಿದೆ? ನಿಮ್ಮ ಬೀರುವಿನಲ್ಲಿದೆಯೋ, ಯಜಮಾನರ ಅಂಗಿಯ ಜೇಬಿನಲ್ಲಿದೆಯೋ, ಕಚೇರಿಯ ಕಂಪ್ಯೂಟರ್ ಆಪರೇಟರ್ ಡ್ರಾದಲ್ಲಿದೆಯೋ? ಅದರ ಪಾಸ್‌ವರ್ಡ್ ನಿಮಗೆ ಗೊತ್ತೇ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ನೀವು ಅಧ್ಯಕ್ಷೆಯಲ್ಲ, ನಿಮ್ಮ ಹೆಸರು ಮಾತ್ರ ಅಧ್ಯಕ್ಷೆ. ತನಿಖೆ ಬಂದಾಗ ನೋಟಿಸು ಬರುವುದು ಮಾತ್ರ ಆ ಹೆಸರಿಗೇ, ವಸೂಲಾತಿಯೂ ಆ ಹೆಸರಿನಿಂದಲೇ. ಡೋಂಗಲ್ ನಿಮ್ಮ ಬಳಿಯೇ ಇರಲಿ, ಪಾಸ್‌ವರ್ಡ್ ನೀವೇ ಬದಲಿಸಿ, ಬಿಲ್ಲು ನೋಡದೆ ಸಹಿ ಮಾಡಬೇಡಿ. ಕಚೇರಿ ಹೊರಗಿನ ಫಲಕದಲ್ಲಿ ನಿಮ್ಮ ಹೆಸರಿನ ಮುಂದೆ ಇರುವ ಫೋನ್ ನಂಬರ್ ಯಾರದು ಎಂದೂ ಒಮ್ಮೆ ನೋಡಿ. ಅದು ಮನೆಯವರದಾಗಿದ್ದರೆ ಇವತ್ತೇ ಅಳಿಸಿ ನಿಮ್ಮದನ್ನು ಬರೆಸಿ. ಗೌರವಧನ ನಿಮ್ಮದೇ ಖಾತೆಗೆ ಬರಲಿ.

ಗಂಡನ ನೆರವೇ ಬೇಡ ಎನ್ನುತ್ತಿಲ್ಲ. ಬೈಕಿನಲ್ಲಿ ಕರೆದುಕೊಂಡು ಹೋಗಲಿ, ಮಕ್ಕಳನ್ನು ನೋಡಿಕೊಳ್ಳಲಿ, ರಾತ್ರಿ ಕೂತು ಲೆಕ್ಕ ವಿವರಿಸಲಿ. ಆದರೆ ಸಭೆಯ ಬಾಗಿಲೊಳಗೆ ಅವರಿಗೆ ಕುರ್ಚಿ ಇಲ್ಲ. ಇದನ್ನು ಮನೆಯಲ್ಲಿ ಮಾನದ ಪ್ರಶ್ನೆ ಮಾಡಿ ಜಗಳವಾಡಿದರೆ ನಿಮಗೆ ದಣಿವು ಮಾತ್ರ ಉಳಿಯುತ್ತದೆ. ಕಾನೂನಿನ ಮೇಲೆ ಭಾರ ಹಾಕಿ: 'ಹೊರಗಿನವರು ಕೂತರೆ ಮೇಲಿನಿಂದ ಕ್ರಮ ತಗೋತಾರಂತೆ' ಅನ್ನಿ. ಇದು ಸುಳ್ಳೂ ಅಲ್ಲ. ಮಹಿಳೆಯರ ಬದಲು ಮನೆಯ ಗಂಡಸರು ಅಧಿಕಾರ ನಡೆಸುವ ಪ್ರಶ್ನೆ 2023ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆನಂತರ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಸಮಿತಿ ನೇಮಿಸಿತು, ಆ ಸಮಿತಿ ಇಂಥವರಿಗೆ ಕಠಿಣ ದಂಡ ವಿಧಿಸಬೇಕೆಂದು ಶಿಫಾರಸು ಮಾಡಿದೆ. ಇನ್ನೊಬ್ಬ ಸದಸ್ಯೆಯ ಗಂಡ ಸಭೆಯಲ್ಲಿ ಕೂತಿದ್ದರೆ ಅವಳಿಂದ ಹೇಳಿಸಬೇಡಿ, ಅವಳು ಮನೆಗೆ ಹೋಗಿ ಬಾಳಬೇಕು. ಆ ಮಾತನ್ನು ಬೇರೆಯವರು ಎತ್ತಿ. ಹೀಗೆ ಒಬ್ಬರ ಕಷ್ಟದ ಮಾತನ್ನು ಇನ್ನೊಬ್ಬರು ಆಡುವುದೇ ಮುಂಚಿನ ಸಭೆಯ ದೊಡ್ಡ ಪ್ರಯೋಜನ.

ಸ್ವಂತ ಬುದ್ಧಿಯಿಂದ ನಡೆಯತೊಡಗಿದ ಅಧ್ಯಕ್ಷೆಗೆ ಅವಿಶ್ವಾಸ ನಿರ್ಣಯದ ಬೆದರಿಕೆ ಬಂದೇ ಬರುತ್ತದೆ. ಹೆದರುವ ಮೊದಲು ಎಣಿಸಿ. ಅವಿಶ್ವಾಸ ಗೆಲ್ಲಲು ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು. 15ರಲ್ಲಿ 10. ನೀವೂ ಸೇರಿ ಆರು ಮಂದಿ ಗಟ್ಟಿಯಾಗಿ ನಿಂತರೆ ನಿಮ್ಮನ್ನು ಇಳಿಸಲಾಗದು. ಊರಿಗೆ ಊರೇ ನಿಮ್ಮ ಪರ ಇರಬೇಕಿಲ್ಲ, ಆರು ಮಂದಿ ಇರಬೇಕು. ಆ ಆರು ಮಂದಿಯನ್ನು ಅವಿಶ್ವಾಸದ ನೋಟಿಸು ಬಂದ ದಿನ ಹುಡುಕಲು ಹೊರಟರೆ ಯಾರೂ ಸಿಗುವುದಿಲ್ಲ. ಮೊದಲ ತಿಂಗಳಿಂದಲೇ ಅವರ ವಾರ್ಡಿನ ಬೀದಿದೀಪ, ಅವರ ಕೇರಿಯ ಚರಂಡಿಯನ್ನು ನಿಮ್ಮ ಕೆಲಸವೆಂದು ಮಾಡಿಕೊಡಿ. ರಾಜಕೀಯದಲ್ಲಿ ಗೆಳೆತನ ಅಂದರೆ ಕೊಟ್ಟ ಮಾತು ಉಳಿಸಿಕೊಳ್ಳುವುದು. ಆರತಿ, ಅರಿಶಿನ-ಕುಂಕುಮದ ಸಲುಗೆ ಅಲ್ಲಿ ಸಾಲದು.

ಹಾಗಾದರೆ ಅಧಿಕಾರ ಹಿಡಿದು ಮೊದಲು ಏನು ಮಾಡಬೇಕು ಎಂದು ಕೇಳುತ್ತೀರಿ. ನೀರಿನಿಂದ ಶುರು ಮಾಡಿ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲೂ ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲೂ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಮಹಿಳೆಗೆ ಮೀಸಲಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ಹಾಕಿದ್ದು ಎರಡೂ ಕಡೆ ಕಂಡಿತು, ಹೆಣ್ಣುಮಕ್ಕಳು ಹೆಚ್ಚಾಗಿ ಅಹವಾಲು ಹೇಳುತ್ತಿದ್ದ ವಿಷಯಗಳಲ್ಲಿ ನೀರೂ ಒಂದು. ಬೀರಭೂಮ್‌ನಲ್ಲೇ ನಡೆದ ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಎರಡು ಅವಧಿ ಮಹಿಳೆಯ ಆಡಳಿತ ಕಂಡ ಹಳ್ಳಿಗಳಲ್ಲಿ ತಂದೆ-ತಾಯಿಯರು ಮಗಳ ಓದಿನ ಬಗ್ಗೆ ಇಟ್ಟುಕೊಂಡ ಆಸೆ ದೊಡ್ಡದಾಯಿತು, ಹುಡುಗಿಯರ ಆಸೆಯೂ ದೊಡ್ಡದಾಯಿತು. ನೀವು ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವುದನ್ನು ಊರಿನ ಹುಡುಗಿಯರು ನೋಡುತ್ತಿರುತ್ತಾರೆ.

ನೀರಿನ ವಿಷಯದಲ್ಲಿ ನಿಮ್ಮನ್ನು ಯಾರೂ ಯಾಮಾರಿಸಲಾರರು, ತಂತ್ರದ ದೃಷ್ಟಿಯಿಂದ ಅದೇ ಮುಖ್ಯ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗವನ್ನು ನೀರು-ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂಬ ಷರತ್ತು ಇತ್ತು. ಆ ಹಣ ಸೋರಿಹೋಗುವುದು ದೊಡ್ಡ ಕಾಮಗಾರಿಗಳಲ್ಲಿ ಮಾತ್ರವಲ್ಲ. ಮೋಟರ್ ರಿಪೇರಿ, ಪೈಪು, ಬ್ಲೀಚಿಂಗ್ ಪೌಡರ್, ಬಲ್ಬು ಎಂಬ ಸಣ್ಣ ಸಣ್ಣ ಬಿಲ್ಲುಗಳಲ್ಲೂ ಸೋರುತ್ತದೆ. ಮೋಟರ್ ಸುಟ್ಟಿತ್ತು ಎಂದು ಬಿಲ್ಲು ಬಂದಾಗ ಗಂಡಸು ಸದಸ್ಯ ನಂಬಿದರೂ ನಂಬಿಯಾನು. ಆ ವಾರ ನಲ್ಲಿ ಬಂದಿತ್ತೋ ಇಲ್ಲವೋ ಎಂಬುದು ಕೊಡ ಹಿಡಿದು ನಿಂತ ನಿಮಗೆ ಗೊತ್ತು. ಬಿಲ್ಲಿನ ತಾರೀಕು ನೋಡಿ, ಯಾವ ಬೋರ್‌ವೆಲ್ ಎಂದು ಕೇಳಿ, ನೀರುಗಂಟಿಯನ್ನು ಸಭೆಗೆ ಕರೆಸಿ. ಕಾಮಗಾರಿಯಾದರೆ ಅಳತೆ ಪುಸ್ತಕ ತರಿಸಿ, ಟೇಪು ಹಿಡಿದು ಸ್ಥಳಕ್ಕೇ ನಡೆಯಿರಿ. ನಾಲ್ಕು ಹೆಣ್ಣುಮಕ್ಕಳು ಟೇಪು ಹಿಡಿದು ಚರಂಡಿ ಅಳೆದದ್ದು ಒಂದು ಸಲ ಊರಿನ ಕಣ್ಣಿಗೆ ಬಿದ್ದರೆ ಮುಂದಿನ ಚರಂಡಿಯ ಸಿಮೆಂಟು ತಾನಾಗಿ ಸರಿಯಾಗುತ್ತದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ ಜಮಾಬಂದಿಯಲ್ಲಿ ಇಡೀ ವರ್ಷದ ಕಡತಗಳನ್ನು ಜನರ ಮುಂದೆ ಬಿಚ್ಚಬೇಕು. ಆ ದಿನ ಮದುವೆ-ಮುಂಜಿ ಎಂದು ಎಲ್ಲಿಗೂ ಹೋಗಬೇಡಿ.

ಹಾಲ್‌ನೊಳಗೆ ಸೋತದ್ದನ್ನು ಗ್ರಾಮಸಭೆಯಲ್ಲಿ ಗೆಲ್ಲಬಹುದು ಎಂಬುದೂ ನೆನಪಿರಲಿ. ಸಂಜೀವಿನಿ ಒಕ್ಕೂಟದವರು, ಸ್ತ್ರೀಶಕ್ತಿ ಸಂಘದವರು, ಆಶಾ-ಅಂಗನವಾಡಿಯವರು ಹಿಂದೆ ನಿಂತು ಮಾತಾಡಿದ ಬೇಡಿಕೆಯನ್ನು ಕ್ರಿಯಾಯೋಜನೆಯಿಂದ ಕೈಬಿಡುವುದು ಸುಲಭವಲ್ಲ. ಮಹಿಳಾ ಗ್ರಾಮಸಭೆಯನ್ನು ಕಾಗದದಲ್ಲಿ ಮುಗಿಸಲು ಬಿಡಬೇಡಿ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆ ಬೇಕು, ಶಾಲೆಯ ಹಿಂದಿನ ದಾರಿಗೆ ದೀಪ ಬೇಕು ಎಂಬ ಮಾತುಗಳು ಬರುವುದು ಅಲ್ಲಿಂದಲೇ. ಹಾಗೆ ಬಂದ ಮಾತನ್ನು ಸಾಮಾನ್ಯ ಸಭೆಯಲ್ಲಿ ಹಿಡಿದು ನಿಲ್ಲಿಸುವ ಕೆಲಸ ನಿಮ್ಮದು.

ಪರಿಶಿಷ್ಟ ಜಾತಿ, ಪಂಗಡದ ಅಕ್ಕ-ತಂಗಿಯರೇ, ನಿಮಗೆ ಪ್ರತ್ಯೇಕವಾಗಿ ಒಂದು ಕಾನೂನಿನ ಬಲ ಇದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ನಿಮ್ಮ ಸಮುದಾಯದ ಪಂಚಾಯಿತಿ ಸದಸ್ಯರೋ ಅಧ್ಯಕ್ಷರೋ ತಮ್ಮ ಕರ್ತವ್ಯ ಮಾಡದಂತೆ ಇತರ ಸಮುದಾಯದವರು ತಡೆದರೆ, ಅಡ್ಡಿಪಡಿಸಿದರೆ, ಬೆದರಿಸಿದರೆ ಅದೇ ಅಪರಾಧ. ಹೊಡೆಯಬೇಕಿಲ್ಲ, ಬೈಯಬೇಕೂ ಇಲ್ಲ. ಕುರ್ಚಿಯಲ್ಲಿ ಕೂರಲು ಬಿಡದಿರುವುದು, ಧ್ವಜಾರೋಹಣಕ್ಕೆ ಅಡ್ಡ ನಿಲ್ಲುವುದೂ ಈ ಮಾತಿನೊಳಗೆ ಬರುತ್ತವೆ. ಈ ಕಲಂ ಇದೆ ಎಂದು ಪಿಡಿಒಗೂ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ (ಇಒ) ಬರಹದಲ್ಲಿ ನೆನಪಿಸಿದರೆ ಎಷ್ಟೋ ಸಲ ಠಾಣೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಶೀಲದ ಮೇಲೆ ಮಾತು ಬರುತ್ತದೆ. ತಾಲ್ಲೂಕು ಕಚೇರಿಗೆ ಯಾರ ಜೊತೆ ಹೋದಳು, ರಾತ್ರಿ ಎಷ್ಟು ಹೊತ್ತಿಗೆ ಬಂದಳು ಎಂದು ಆಡಿಕೊಳ್ಳುತ್ತಾರೆ. ನೀವು ಬಿಲ್ಲು ತಡೆದ ವಾರದಲ್ಲೇ ಇಂಥ ಮಾತು ಹುಟ್ಟುತ್ತದೆ, ಗಮನಿಸಿ ನೋಡಿ. ಉತ್ತರ ಕೊಡಲು ಹೋಗಬೇಡಿ, ಬಿಲ್ಲನ್ನೂ ಬಿಡಬೇಡಿ. ಹೊರಗೆ ಹೋಗುವಾಗ ಇನ್ನೊಬ್ಬ ಸದಸ್ಯೆಯನ್ನು ಜೊತೆಗೆ ಕರೆದುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ದೂರು ಕೊಡಿ, ದೂರಿನ ಕೆಳಗೆ ಉಳಿದ ಸದಸ್ಯೆಯರ ಸಹಿಯೂ ಇರಲಿ.

ಕಡೆಯದಾಗಿ ಮುಂದಿನ ಮಾತು. ನಿಮ್ಮ ವಾರ್ಡಿನ ಮೀಸಲಾತಿ ಬದಲಾದ ಕೂಡಲೇ 'ಇನ್ನು ಸಾಕು, ಮನೆ ನೋಡಿಕೋ' ಎನ್ನುತ್ತಾರೆ. ಸಾಮಾನ್ಯ ಸ್ಥಾನ ಎಂದರೆ ಗಂಡಸರ ಸ್ಥಾನ ಎಂದು ಯಾವ ಕಾನೂನಿನಲ್ಲೂ ಇಲ್ಲ, ಅಲ್ಲಿಯೂ ನಿಲ್ಲಬಹುದು, ನಿಂತು ಗೆದ್ದವರೂ ಇದ್ದಾರೆ. ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು 2023ರಲ್ಲಿ ಸಂವಿಧಾನದ 106ನೇ ತಿದ್ದುಪಡಿ ಆಗಿದೆ. ಆ ಮೀಸಲಾತಿಯಡಿ ಚುನಾವಣೆ ನಡೆದ ದಿನ ನಮ್ಮ ವಿಧಾನಸಭೆಗೆ ಎಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಬೇಕಾಗುತ್ತಾರೆ. ಆ ಟಿಕೆಟ್ಟುಗಳು ದೊಡ್ಡ ಮನೆಗಳ ಹೆಂಡತಿ, ಸೊಸೆ, ಮಗಳ ಪಾಲಾಗದೆ ನಿಮ್ಮ ಪಾಲಾಗಬೇಕಾದರೆ, ಬಜೆಟ್ ಓದಲು, ಸಭೆ ನಡೆಸಲು, ಹತ್ತು ಜನರನ್ನು ಒಟ್ಟಿಗೆ ಹಿಡಿದಿಡಲು ಬರುವವರ ಹೆಸರು ಈಗಿನಿಂದಲೇ ತಾಲ್ಲೂಕಿನ ಬಾಯಲ್ಲಿರಬೇಕು. ಪಕ್ಷದ ಕಚೇರಿಗೆ ಹೋಗಿ ಕೇಳಲು ನಾಚಬೇಡಿ. ಕೇಳದೆ ಟಿಕೆಟ್ ಸಿಕ್ಕ ಗಂಡಸನ್ನು ನಾನಂತೂ ನೋಡಿಲ್ಲ.

ಮುಂದಿನ ಸಾಮಾನ್ಯ ಸಭೆಯ ನೋಟಿಸು ಈ ತಿಂಗಳು ನಿಮ್ಮ ಕೈಗೆ ಬಂದಾಗ, ಅದನ್ನು ಮಡಚಿಡುವ ಮೊದಲು ಉಳಿದ ಸದಸ್ಯೆಯರಿಗೆ ಫೋನ್ ಮಾಡಿ. ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರಿಗೇ ಮೊದಲು ಮಾಡಿ.

ಇಂತಿ,
ನಿಮ್ಮ ಹಿತ ಬಯಸುವ ಅಕ್ಕ